ಗೀರುಬಿದ್ದ ಡಿಸ್ಕಿನ ಮೌಲ್ಯಮೀಮಾಂಸೆ

ಆಡಿ ಮುಗಿಸಿದ ಅಥವಾ ಆಡಲಾರದೆ ಕೈಬಿಟ್ಟ ವಿಡಿಯೋ ಗೇಮನ್ನು ಅಂಗಡಿಗೆ ಒಪ್ಪಿಸಿ, ಅದಕ್ಕೆ ಬದಲಾಗಿ ನಗದನ್ನೋ ಅದೇ ಅಂಗಡಿಯಲ್ಲಿ ಮಾತ್ರ ನಡೆಯುವ ಲೆಕ್ಕದ ಹಣವನ್ನೋ ಪಡೆಯುವ ಕ್ರಿಯೆಗೆ ಅಮೆರಿಕದಲ್ಲಿ ಟ್ರೇಡ್-ಇನ್ ಎಂದು ಹೆಸರು. ಈ ಲೆಕ್ಕದ ಹಣವನ್ನು ಸ್ಟೋರ್ ಕ್ರೆಡಿಟ್ ಎನ್ನುತ್ತಾರೆ. ಲಕ್ಷಣಕಾರರ ದೃಷ್ಟಿಯಿಂದ ಈ ಕ್ರಿಯೆಗೆ ಮೂರು ಅಂಗಗಳಿವೆ: ಗೀರುಬಿದ್ದ ಒಂದು ಡಿಸ್ಕ್, ಅದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡುವ ಒಬ್ಬ ಗುಮಾಸ್ತ, ಮತ್ತು ತನ್ನ ವಸ್ತುವಿಗೆ ಬಂದ ಬೆಲೆಯನ್ನು ಕೇಳಿ ಕ್ಷಣಕಾಲ ಮಾತು ಹೊರಡದೆ ನಿಲ್ಲುವ ಅದರ ಒಡೆಯ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ವ್ಯಾಪಾರ ಸಿದ್ಧಿಸದು ಎಂಬುದನ್ನು ಎಲ್ಲ ಪಂಥಗಳೂ ಒಪ್ಪುತ್ತವೆ. ಮತಭೇದವಿರುವುದು ಆ ಒಡೆಯನು ಯಾವ ಬಾಗಿಲಿಗೆ ಹೋಗಬೇಕೆಂಬಲ್ಲಿ: ಊರೂರಿಗೆ ಶಾಖೆಯಿರುವ ಚೈನ್ ಸ್ಟೋರಿಗೋ, ಮಾಲೀಕನೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವ ಸ್ವತಂತ್ರ ಅಂಗಡಿಗೋ. ಎರಡು ಕಡೆಯೂ ಡಿಸ್ಕ್ ಒಂದೇ, ಗೀರೂ ಒಂದೇ, ಆದರೂ ಬೆಲೆ ಮಾತ್ರ ಬೇರೆ ಎಂಬ ಈ ವೈಚಿತ್ರ್ಯವು ಗಂಭೀರ ವಿವೇಚನೆಯನ್ನು ಬೇಡುತ್ತದೆ.

ಚೈನ್ ಪಂಥದ ವಂಶಾವಳಿಯು ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ 1984ರಲ್ಲಿ ತೆರೆದ ಬ್ಯಾಬೇಜಸ್ ಎಂಬ ಸಾಫ್ಟ್‌ವೇರ್ ಅಂಗಡಿಯಿಂದ ಆರಂಭವಾಗುತ್ತದೆ. ಗಣಕಯಂತ್ರದ ಪಿತಾಮಹನೆನಿಸಿದರೂ ತಾನು ರೂಪಿಸಿದ ದೊಡ್ಡ ಯಂತ್ರಗಳಲ್ಲಿ ಒಂದನ್ನೂ ಪೂರ್ತಿ ಕಟ್ಟಿ ಮುಗಿಸದ ಚಾರ್ಲ್ಸ್ ಬ್ಯಾಬೇಜನನ್ನು ಮೂಲಪುರುಷನನ್ನಾಗಿ ಆರಿಸಿಕೊಂಡದ್ದು, ಜನರು ಅರ್ಧಕ್ಕೆ ಬಿಟ್ಟ ಆಟಗಳನ್ನು ಕೊಂಡು ಬದುಕಬೇಕಾಗಿದ್ದ ಮುಂದಿನ ಪೀಳಿಗೆಗೆ ಶುಭಶಕುನವೇ ಆಯಿತೆನ್ನಬೇಕು. ಈ ಅಂಗಡಿಯು 1994ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿ, 1996ರಲ್ಲಿ ದಿವಾಳಿಯಾಗಿ, ಪುನರ್ಜನ್ಮವೆತ್ತಿ, 1999ರಲ್ಲಿ ಪುಸ್ತಕ ವ್ಯಾಪಾರದ ಬಾರ್ನ್ಸ್ ಆಂಡ್ ನೋಬಲ್ ಕೈಸೇರಿ, ಕೊನೆಗೆ ಗೇಮ್‌ಸ್ಟಾಪ್ ಎಂಬ ನಾಮಧೇಯದಿಂದ ಪ್ರಸಿದ್ಧವಾಗಿ, 2005ರಲ್ಲಿ ಎಲೆಕ್ಟ್ರಾನಿಕ್ಸ್ ಬೂಟೀಕ್ ಎಂಬ ದೊಡ್ಡ ಪ್ರತಿಸ್ಪರ್ಧಿಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ಉಚ್ಛ್ರಾಯದ ಕಾಲದಲ್ಲಿ ಅದರ ಮಳಿಗೆಗಳು 7000ವನ್ನು ಮೀರಿದ್ದವು. ಆದರೆ ಹಳೆಯ ಆಟವನ್ನು ಕೊಂಡು ಮಾರುವ ವಿದ್ಯೆಯು ಈ ವಂಶಕ್ಕೆ ಬಹುಪಾಲು ದತ್ತಕದಿಂದ ಬಂದದ್ದು. ಮಿನ್ನೆಸೋಟಾ ರಾಜ್ಯದಲ್ಲಿ 1988ರಲ್ಲಿ ಹುಟ್ಟಿದ ಫಂಕೋಲ್ಯಾಂಡ್ ಎಂಬ ಅಂಗಡಿಯು ನೂರಾರು ಆಟಗಳ ಹೆಸರನ್ನೂ ದರವನ್ನೂ ಸಣ್ಣಕ್ಷರದಲ್ಲಿ ಪತ್ರಿಕೆಯ ಕಾಗದದ ಮೇಲೆ ಅಚ್ಚುಹಾಕಿಸಿ ಹಂಚುತ್ತಿತ್ತು. ಆ ಕಾಲದ ಬಾಲಕರು ಪಠ್ಯಪುಸ್ತಕಕ್ಕೆ ಎಂದೂ ತೋರದ ಶ್ರದ್ಧೆಯಿಂದ ಅದನ್ನು ಪಾರಾಯಣ ಮಾಡಿದರು. ಈ ಫಂಕೋಲ್ಯಾಂಡ್ 2000ದಲ್ಲಿ ಮಾರಾಟವಾಗಿ ಅದೇ ಕುಟುಂಬ ಸೇರಿದ ಮೇಲೆ, ವಿದ್ಯೆಯು ಉಳಿಯಿತು, ದರಪಟ್ಟಿಯು ಕಂಪ್ಯೂಟರಿನೊಳಕ್ಕೆ ಹೋಗಿ ಅಂತರ್ಧಾನವಾಯಿತು.

ಈ ವಿದ್ಯೆಯ ಫಲವೇನೆಂಬುದು ಲೆಕ್ಕಪತ್ರಗಳಿಂದ ಸ್ಪಷ್ಟವಿದೆ. ಹೊಸ ಆಟವೊಂದನ್ನು ಮಾರಿದರೆ ಚೈನ್ ಅಂಗಡಿಗೆ ಬೆಲೆಯ ಐದರಲ್ಲೊಂದು ಭಾಗದಷ್ಟು ಉಳಿಯುತ್ತಿತ್ತು. ಹಳೆಯದನ್ನು ಮಾರಿದರೆ ಹತ್ತಿರಹತ್ತಿರ ಅರ್ಧ ಉಳಿಯುತ್ತಿತ್ತು. ಆದುದರಿಂದ 60 ಡಾಲರಿನ ಹೊಸ ಆಟದ ಪಕ್ಕದಲ್ಲೇ, ಯಾರೋ ಆಡಿ ಬಿಟ್ಟ ಅದೇ ಆಟವನ್ನು 55 ಡಾಲರಿಗೆ ಇಟ್ಟು, ಗಿರಾಕಿಯ ಐದು ಡಾಲರ್ ಉಳಿಸಿಕೊಟ್ಟ ಪುಣ್ಯವನ್ನು ಅಂಗಡಿಯು ಕಟ್ಟಿಕೊಳ್ಳುತ್ತಿತ್ತು. ಆ ಆಟವನ್ನು ತಂದುಕೊಟ್ಟವನಿಗೆ ಎಷ್ಟು ಸಂದಿತ್ತೆಂಬುದನ್ನು ಬೆಲೆಚೀಟಿಯ ಮೇಲೆ ಬರೆಯುವ ಸಂಪ್ರದಾಯವಿರಲಿಲ್ಲ.

ಚೈನ್ ಅಂಗಡಿಯ ಕೌಂಟರಿನಲ್ಲಿ ನಡೆಯುವ ವಿಧಿಯು ಹೀಗಿದೆ. ಗುಮಾಸ್ತನು ಪೆಟ್ಟಿಗೆಯ ಬಾರ್‌ಕೋಡನ್ನು, ಅಂದರೆ ಯಂತ್ರಕ್ಕೆ ಮಾತ್ರ ಓದಲು ಬರುವ ಕಪ್ಪು ಗೀಟುಗಳ ಸಾಲನ್ನು, ಸ್ಕ್ಯಾನರಿಗೆ ತೋರಿಸುತ್ತಾನೆ. ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಆ ಅಂಕಿಯನ್ನು ಅವನು ತನ್ನದಲ್ಲವೆಂಬ ಧ್ವನಿಯಲ್ಲಿ ಓದಿ ಹೇಳುತ್ತಾನೆ. ಗುಮಾಸ್ತನಿಗೆ ಆ ಆಟದ ಮೇಲೆ ಪ್ರೀತಿಯಿರಬಹುದು, ಅದರ ಕೊನೆಯ ರಾಕ್ಷಸನನ್ನು ಅವನೂ ಮೂರು ರಾತ್ರಿ ಎದುರಿಸಿರಬಹುದು, ಆದರೆ ಅಂಕಿಗೆ ಅದರ ಪರಿವೆಯಿಲ್ಲ. ಗೋದಾಮಿನಲ್ಲಿ ಆ ಹೆಸರಿನ ಡಿಸ್ಕುಗಳು ಎಷ್ಟು ಬಿದ್ದಿವೆಯೆಂಬುದೇ ಅದರ ಏಕೈಕ ಸಾಹಿತ್ಯವಿಮರ್ಶೆ. ನಗದು ಬೇಕೆಂದರೆ ಅಂಕಿಯು ಇನ್ನಷ್ಟು ಕುಗ್ಗುತ್ತದೆ, ಕ್ರೆಡಿಟ್ ಸಾಕೆಂದರೆ ನಿಲ್ಲುತ್ತದೆ, ಹಣ ಕೊಟ್ಟು ಸದಸ್ಯರಾಗುವ, 2010ರಲ್ಲಿ ಬಂದ ಯೋಜನೆಗೆ ಸೇರಿದ್ದರೆ ನೂರಕ್ಕೆ ಹತ್ತರಷ್ಟು ಹಿಗ್ಗುತ್ತದೆ. ಇದರ ಮಧ್ಯೆ, ಇನ್ನೂ ಬಿಡುಗಡೆಯಾಗದ ಒಂದು ಆಟಕ್ಕೆ ಮುಂಗಡ ಕೊಡುವಿರಾ ಎಂದು ಕೇಳುವುದು ವಿಧಿಯ ಅವಿಭಾಜ್ಯ ಅಂಗ. ಕೇಳದ ಗುಮಾಸ್ತನ ಕೆಲಸದ ಆಯುಷ್ಯ ಕಡಿಮೆಯೆಂದು ತಿಳಿದವರು ಹೇಳುತ್ತಾರೆ. ಕೆಲವು ನಗರಗಳಲ್ಲಿ ಕಳ್ಳಮಾಲಿನ ಭಯದಿಂದ ಮಾರುವವನ ಗುರುತಿನ ಚೀಟಿಯನ್ನು ಬರೆದುಕೊಳ್ಳುವ ಕಾನೂನಿದೆ. ಫಿಲಡೆಲ್ಫಿಯಾದಲ್ಲಿ 2014ರಲ್ಲಿ ಹೆಬ್ಬೆಟ್ಟಿನ ಗುರುತನ್ನೇ ಒತ್ತಿಸಿಕೊಳ್ಳಲು ಆರಂಭಿಸಿದ್ದರಿಂದ, ಅಕ್ಷರಸ್ಥ ರಾಷ್ಟ್ರವೊಂದರಲ್ಲಿ ಪದವೀಧರರು ಹಳೆಯ ಆಟ ಮಾರಲು ಹೆಬ್ಬೆಟ್ಟು ಒತ್ತುವ ದೃಶ್ಯವು ಸಾಧ್ಯವಾಯಿತು.

ಸ್ವತಂತ್ರ ಅಂಗಡಿಯ ವಿಧಿಯು ಇದಕ್ಕಿಂತ ನಿಧಾನದ್ದು, ಮತ್ತು ಅಧ್ಯಯನಕ್ಕೆ ಹೆಚ್ಚು ಯೋಗ್ಯವಾದದ್ದು. ಇಲ್ಲಿಗೆ ಬರುವ ಮಾಲು ಬಹಳ ಮಟ್ಟಿಗೆ ಡಿಸ್ಕಿಗಿಂತ ಹಿಂದಿನ ಯುಗದ್ದು, ಎಂದರೆ ಕಾರ್ಟ್ರಿಡ್ಜ್: ಪ್ಲಾಸ್ಟಿಕ್ ಚಿಪ್ಪಿನೊಳಗೆ ಸರ್ಕ್ಯೂಟ್ ಹಲಗೆಯನ್ನು ಮುಚ್ಚಿಟ್ಟ, ಹಿಂದಿನ ಮಕ್ಕಳು ಬಾಯಿಂದ ಊದಿದರೆ ಸರಿಹೋಗುತ್ತದೆಂದು ನಂಬಿದ್ದ ವಸ್ತು. ಮಾಲೀಕನು ಮೊದಲು ಹೆಸರಿನ ಚೀಟಿಯ ಅಂಚನ್ನು ಉಗುರಿನಿಂದ ಸವರಿ ನೋಡುತ್ತಾನೆ. ಅನಂತರ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ ಆ ಸ್ಕ್ರೂಗಳಿಗೆಂದೇ ಇರುವ 3.8 ಮಿಲಿಮೀಟರಿನ ಬಿಟ್ ಹಾಕಿ ಚಿಪ್ಪನ್ನು ಬಿಚ್ಚಿ, ಒಳಗಿನ ಹಲಗೆಯ ಮೇಲೆ ತಯಾರಕರ ಹೆಸರು ಅಚ್ಚಾಗಿದೆಯೇ, ಇಲ್ಲವೇ ಅದು ಗೇಮ್ ಬಾಯ್ ಅಡ್ವಾನ್ಸಿನ ಪೋಕೆಮಾನ್ ಕಾರ್ಟ್ರಿಡ್ಜುಗಳಲ್ಲಿ ಹೇರಳವಾಗಿರುವಂಥ ನಕಲಿ ಮಾಲೇ ಎಂದು ಪರೀಕ್ಷಿಸುತ್ತಾನೆ. ಆಟದ ಪ್ರಗತಿಯನ್ನು ನೆನಪಿಟ್ಟುಕೊಳ್ಳುವ ಗುಂಡಿಯಾಕಾರದ ಬ್ಯಾಟರಿ ಸತ್ತಿದೆಯೇ ಎಂದು ನೋಡುತ್ತಾನೆ. ಕೊನೆಗೆ ಹತ್ತಿಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ತಾಮ್ರದ ಹಲ್ಲುಗಳನ್ನು ಉಜ್ಜಿ, ಹತ್ತಿಗೆ ಅಂಟಿದ ಕಪ್ಪನ್ನು ಮಾರಲು ಬಂದವನಿಗೆ ತೋರಿಸುತ್ತಾನೆ. ಈ ತೋರಿಸುವಿಕೆಯು ಶುದ್ಧೀಕರಣದ ಅಂಗವಲ್ಲ, ಚೌಕಾಸಿಯ ಅಂಗ ಎಂಬುದು ಈ ಪ್ರಬಂಧದ ನಿಲುವು.

ಏಕೆಂದರೆ ಸ್ವತಂತ್ರ ಪಂಥದವರು ಹೆಚ್ಚು ಉದಾರಿಗಳೆಂಬ ಜನಪ್ರಿಯ ನಂಬಿಕೆಯು ಅರ್ಧಸತ್ಯ ಮಾತ್ರ. ಅಮೆರಿಕಕ್ಕೆ 1995ರಲ್ಲಿ ಬಂದ ಅರ್ತ್‌ಬೌಂಡ್ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಈ ಆಟ ನಾರುತ್ತದೆ ಎಂದು ಜಾಹೀರಾತೇ ಸಾರಿ, ಕೆರೆದರೆ ದುರ್ನಾತ ಬರುವ ಕಾಗದವನ್ನೂ ಹಂಚಿದ್ದರಿಂದ ಜನರು ಆ ಮಾತನ್ನು ನಂಬಿ ಅದನ್ನು ಕೊಳ್ಳದೆ ಬಿಟ್ಟರು. ಇಂದು ಅದರ ಬರಿಯ ಕಾರ್ಟ್ರಿಡ್ಜಿಗೇ ನೂರಾರು ಡಾಲರ್ ಬೆಲೆ. ಇಂಥ ವಸ್ತುವಿನ ಬೆಲೆ ಸ್ವತಂತ್ರ ಅಂಗಡಿಯವನಿಗೆ ಬಾಯಿಪಾಠವಾಗಿರುತ್ತದೆ, ಹರಾಜಿನಲ್ಲಿ ಅದು ಕಳೆದ ವಾರ ಎಷ್ಟಕ್ಕೆ ಹೋಯಿತೆಂಬುದೂ ಗೊತ್ತಿರುತ್ತದೆ. ಮಾರುವಾಗ ಈ ಜ್ಞಾನವು ಪೂರ್ಣಚಂದ್ರನಂತೆ ಬೆಳಗುತ್ತದೆ, ಕೊಳ್ಳುವಾಗ ಮಾತ್ರ ಅದಕ್ಕೆ ಗ್ರಹಣ ಹಿಡಿಯುತ್ತದೆ. ಅಂಗಡಿಯ ಬಾಡಿಗೆ, ಕರೆಂಟು ಬಿಲ್ಲು, ಗಾಜಿನ ಬೀರುವಿನಲ್ಲಿ ವರ್ಷಗಟ್ಟಲೆ ಕೂತ ಮಾಲು ಇವುಗಳ ವಿವರವು ಆಗಲೇ ಹೊರಬೀಳುವುದು. ಆದರೂ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು: ಚೈನ್ ಅಂಗಡಿಯು ತನ್ನಲ್ಲಿ ಇದು ಎಷ್ಟಿದೆ ಎಂದು ಕೇಳುತ್ತದೆ, ಸ್ವತಂತ್ರ ಅಂಗಡಿಯವನು ಇದು ಯಾರಿಗೆ ಬೇಕು ಎಂದು ಯೋಚಿಸುತ್ತಾನೆ, ಮತ್ತು ಎರಡನೆಯವನೊಡನೆ ಜಗಳವಾಡಬಹುದು, ಅಂಕಿಯೊಡನೆ ಆಡಲು ಬರುವುದಿಲ್ಲ. ಚೈನ್ ಪಂಥವೇ 2015ರಲ್ಲಿ ನ್ಯೂಯಾರ್ಕ್ ಮತ್ತು ಅಲಬಾಮದ ಬರ್ಮಿಂಗ್‌ಹ್ಯಾಮ್ ಪ್ರದೇಶಗಳಲ್ಲಿ ಹಳೆಯ ನಿಂಟೆಂಡೋ ಕಾರ್ಟ್ರಿಡ್ಜುಗಳನ್ನು ಮತ್ತೆ ಕೊಳ್ಳಲು ತೊಡಗಿದ್ದನ್ನು ಈ ವಾದಕ್ಕೆ ಎದುರಾಳಿಯಿತ್ತ ಸಾಕ್ಷ್ಯವೆಂದೇ ತಿಳಿಯಬಹುದು.

ಎರಡು ಪಂಥಗಳೂ ಏಕಮತದಿಂದ ಮೂಗುಮುರಿಯುವ ವಸ್ತುವೊಂದಿದೆ. ಅಮೆರಿಕನ್ ಫುಟ್‌ಬಾಲಿನ ತರಬೇತುದಾರ ಜಾನ್ ಮ್ಯಾಡನ್ ಹೆಸರಿನ ಆಟವು 1988ರಲ್ಲಿ ಮೊದಲು ಬಂದು, 1990ರ ದಶಕದಿಂದ ವರ್ಷಕ್ಕೊಂದರಂತೆ ಹೊಸ ತಂಡಗಳ ಪಟ್ಟಿಯೊಡನೆ ಬರುತ್ತಲೇ ಇದೆ. ಹೊಸದು ಬಂದ ದಿನ ಹಿಂದಿನದು ಕಳೆದ ವರ್ಷದ ಪಂಚಾಂಗವಾಗುತ್ತದೆ: ತಿಥಿವಾರಗಳೆಲ್ಲ ಸರಿಯಾಗಿಯೇ ಇದ್ದರೂ ಯಾರಿಗೂ ಬೇಡ.

ಮಾರುವ ಹಕ್ಕಾದರೂ ಒಡೆಯನಿಗೆ ಎಲ್ಲಿಂದ ಬಂತೆಂಬುದು ಮುಂದಿನ ಪ್ರಶ್ನೆ. ಅಮೆರಿಕದ ಕಾನೂನಿನಲ್ಲಿ ಮೊದಲ ಮಾರಾಟದ ತತ್ವವೆಂಬುದೊಂದಿದೆ. ಹಕ್ಕುಸ್ವಾಮ್ಯವುಳ್ಳ ವಸ್ತುವಿನ ಪ್ರತಿಯೊಂದನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮರುಮಾರಾಟವನ್ನು ಪ್ರಕಾಶಕನು ತಡೆಯಲಾರನು ಎಂಬುದು ಇದರ ಸಾರ. ಇದರ ಮೂಲವು ಒಂದು ಕಾದಂಬರಿಯಲ್ಲಿದೆ. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು ತಮ್ಮ ಪುಸ್ತಕವನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಅದರೊಳಗೇ ಅಚ್ಚುಹಾಕಿಸಿದ್ದರು. ನ್ಯೂಯಾರ್ಕಿನ ಮೇಸಿ ಅಂಗಡಿಯು ಅದನ್ನು 89 ಸೆಂಟಿಗೆ ಮಾರಿತು. 1908ರಲ್ಲಿ ಸುಪ್ರೀಂ ಕೋರ್ಟು ಅಂಗಡಿಯ ಪರವಾಗಿ ತೀರ್ಪಿತ್ತಿತು. ಗಲ್ಲಿಯ ಸ್ವತಂತ್ರ ಅಂಗಡಿಯವನು ದೊಡ್ಡ ಅಂಗಡಿಗಳನ್ನು ಬೈಯುತ್ತ ನಡೆಸುವ ವ್ಯಾಪಾರದ ಅಡಿಗಲ್ಲನ್ನು ಹಾಕಿಕೊಟ್ಟದ್ದು ಒಂದು ಬಹುದೊಡ್ಡ ಅಂಗಡಿಯೇ ಎಂಬ ಸಂಗತಿಯು ಆ ಪಂಥದ ಗ್ರಂಥಗಳಲ್ಲಿ ಅಷ್ಟಾಗಿ ಕಾಣಸಿಗುವುದಿಲ್ಲ. ತೀರ್ಪು ಹಕ್ಕನ್ನು ಕೊಟ್ಟಿತೇ ಹೊರತು ಬೆಲೆಯನ್ನು ಕೊಡಲಿಲ್ಲ ಎಂಬುದನ್ನು ಎರಡೂ ಪಂಥಗಳು ಚೆನ್ನಾಗಿ ಅರಿತಿವೆ.

ಈ ಹಕ್ಕಿನಿಂದ ಬಿಡಿಗಾಸೂ ಕಾಣದ ಆಟದ ಪ್ರಕಾಶಕರು ಸುಮ್ಮನೆ ಕೂರಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು 2010ರಲ್ಲಿ ಆನ್‌ಲೈನ್ ಪಾಸ್ ಎಂಬುದನ್ನು ತಂದು, ಹಳೆಯ ಡಿಸ್ಕ್ ಕೊಂಡವನು ಇತರರೊಡನೆ ಆಡಬೇಕಾದರೆ ಬೇರೆ ಕಾಣಿಕೆ ಸಲ್ಲಿಸಬೇಕೆಂದು ವಿಧಿಸಿ, 2013ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಹಳೆಯ ಆಟದ ಕೊಡುಕೊಳೆಗೆ ಕಟ್ಟುಪಾಡುಗಳನ್ನು ಘೋಷಿಸಿತು. ಸೋನಿ ಸಂಸ್ಥೆಯವರು ಇದಕ್ಕೆ ಉತ್ತರವಾಗಿ, ತಮ್ಮ ಯಂತ್ರದಲ್ಲಿ ಆಟವನ್ನು ಹಂಚಿಕೊಳ್ಳುವ ವಿಧಾನವನ್ನು ಬೋಧಿಸುವ ಒಂದು ವಿಡಿಯೋ ಹೊರಡಿಸಿದರು. ಅದರಲ್ಲಿ ಒಬ್ಬನು ಡಿಸ್ಕಿನ ಪೆಟ್ಟಿಗೆಯನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಅಷ್ಟೇ. ಸೂತ್ರಕ್ಕಿಂತ ಚಿಕ್ಕದಾದ ಭಾಷ್ಯವೆಂಬ ಅಪೂರ್ವ ಪ್ರಕಾರಕ್ಕೆ ಇದು ಉತ್ತಮ ನಿದರ್ಶನ. ಮೈಕ್ರೋಸಾಫ್ಟ್ ಜೂನ್ 19ರಂದು ತನ್ನ ಸಿದ್ಧಾಂತವನ್ನು ಹಿಂತೆಗೆದುಕೊಂಡಿತು.

ಗೆಲುವು ಹೀಗೆ ಡಿಸ್ಕಿನದಾಯಿತೆನ್ನುವಷ್ಟರಲ್ಲಿ ಡಿಸ್ಕೇ ಮಾಯವಾಗತೊಡಗಿತು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಒಂದು ಆವೃತ್ತಿಯಲ್ಲಿ ಡಿಸ್ಕ್ ತೂರಿಸುವ ಬಾಯಿಯೇ ಇಲ್ಲ; ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಆಟವನ್ನು ಮಾರಲು ಕೌಂಟರಿನ ಮೇಲೆ ಇಡುವಂಥದ್ದೇನೂ ಇರುವುದಿಲ್ಲ. ಇನ್ನೂ ಸೂಕ್ಷ್ಮವಾದ ಸಮಸ್ಯೆಯು 2025ರ ಜೂನಿನಲ್ಲಿ ನಿಂಟೆಂಡೋ ಸ್ವಿಚ್ 2 ಯಂತ್ರದೊಡನೆ ಬಂದ ಗೇಮ್-ಕೀ ಕಾರ್ಡಿನದು. ಇದು ನೋಡಲು ಕಾರ್ಟ್ರಿಡ್ಜಿನಂತೆಯೇ ಇದ್ದರೂ ಇದರೊಳಗೆ ಆಟವಿರುವುದಿಲ್ಲ. ಆಟವನ್ನು ಬೇರೆಡೆಯಿಂದ ಇಳಿಸಿಕೊಳ್ಳಲು ಅನುಮತಿ ಮಾತ್ರ ಇರುತ್ತದೆ, ಆಡುವಾಗಲೆಲ್ಲ ಕಾರ್ಡು ಯಂತ್ರದಲ್ಲಿರಲೇಬೇಕು, ಮತ್ತು ಯಾರ ಖಾತೆಗೂ ಅಂಟಿಕೊಳ್ಳದ ಕಾರಣ ಅದನ್ನು ಧಾರಾಳವಾಗಿ ಮಾರಬಹುದು. ಆತ್ಮವು ದೂರದ ಸರ್ವರಿನಲ್ಲಿ, ದೇಹವು ಅಂಗಡಿಯ ಶೆಲ್ಫಿನಲ್ಲಿ ಎಂಬ ಈ ಸ್ಥಿತಿಯು ದ್ವೈತಿಗಳಿಗೆ ಸಂತೋಷವನ್ನು ತರಬಹುದಾದರೂ, ಸ್ಕ್ರೂಡ್ರೈವರ್ ಹಿಡಿದ ಸ್ವತಂತ್ರ ಅಂಗಡಿಯವನಿಗೆ ಬಿಚ್ಚಿ ನೋಡಲು ಏನನ್ನೂ ಉಳಿಸುವುದಿಲ್ಲ. ಒಳಗೇನಿದೆಯೆಂದು ಎಂದೂ ಕೇಳಿ ಅಭ್ಯಾಸವಿಲ್ಲದ ಚೈನ್ ಅಂಗಡಿಯ ಕಂಪ್ಯೂಟರಿಗೆ ಮಾತ್ರ ಇದರಲ್ಲಿ ಯಾವ ತಾತ್ವಿಕ ತೊಡಕೂ ಇಲ್ಲ. ಅದು ಬಾರ್‌ಕೋಡನ್ನು ಓದಿ ಬೆಲೆಯನ್ನು ಹೇಳುತ್ತದೆ, ನಗದು ಬೇಕೆಂದರೆ ಅದರಲ್ಲಿಷ್ಟು ಮುರಿದುಕೊಳ್ಳುತ್ತದೆ.