ಯಾವ ಪ್ಯಾಟ್ ಸ್ವಾಮೀ?

ನಮ್ಮಲ್ಲಿ ಒಂದೇ ತರಗತಿಯಲ್ಲಿ ನಾಲ್ಕು ಜನ ಮಂಜುನಾಥರಿದ್ದರೆ ಇನಿಷಿಯಲ್ ಹಚ್ಚಿ ಬಗೆಹರಿಸುತ್ತೇವೆ. ಅಮೆರಿಕದ ಪ್ಯಾಟ್ ಮೆಕಾರ್ಮಿಕ್ ವಿಷಯದಲ್ಲಿ ಆ ಉಪಾಯವೂ ಸಾಲದು. ಪ್ಯಾಟ್ ಎಂದರೆ ಪೆಟ್ರೀಷಿಯಾನೂ ಆಗಬಹುದು, ಪ್ಯಾಟ್ರಿಕ್ಕೂ ಆಗಬಹುದು. ಬರೀ ಹೆಸರು ನೋಡಿ ಗಂಡೋ ಹೆಣ್ಣೋ ಹೇಳಿದವರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ!

ಮೊದಲನೆಯ ಪ್ಯಾಟ್ ಕ್ಯಾಲಿಫೋರ್ನಿಯಾದ ಡೈವಿಂಗ್ ರಾಣಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಗ್‌ಬೋರ್ಡ್, ಪ್ಲಾಟ್‌ಫಾರ್ಮ್ ಎರಡರಲ್ಲೂ ಚಿನ್ನ. ಸಾಲದ್ದಕ್ಕೆ 1956ರ ಮೆಲ್ಬರ್ನ್‌ನಲ್ಲಿ ಮತ್ತೆರಡು, ಅದೂ ಹೆರಿಗೆಯಾದ ಕೆಲವೇ ತಿಂಗಳಲ್ಲಿ! ನಮ್ಮಜ್ಜಿ ಅಲ್ಲಿದ್ದಿದ್ದರೆ, ಬಾಣಂತಿ ತಣ್ಣೀರು ಮುಟ್ಟಕೂಡದೆಂದು 10 ಮೀಟರ್ ಮೆಟ್ಟಿಲ ಬುಡದಲ್ಲೇ ಅಡ್ಡ ನಿಲ್ಲುತ್ತಿದ್ದಳು. ಮಗಳು ಕೆಲ್ಲಿ ಕೂಡ ಅಮ್ಮನ ಹಾದಿಯಲ್ಲೇ ಧುಮುಕಿ 1984ರಲ್ಲಿ ಬೆಳ್ಳಿ, 1988ರಲ್ಲಿ ಕಂಚು ತಂದಳು.

ಎರಡನೆಯ ಪ್ಯಾಟ್ ಆರೂವರೆ ಅಡಿ ಮೀರಿದ ಆಸಾಮಿ. ಜಾನಿ ಕಾರ್ಸನ್‌ನ ಟಿವಿ ಕಾರ್ಯಕ್ರಮಕ್ಕೆ ಜೋಕು ಬರೆಯುತ್ತಿದ್ದ. 1977ರ ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’ ಚಿತ್ರದಲ್ಲಿ ಕುಳ್ಳ ಪಾಲ್ ವಿಲಿಯಮ್ಸ್‌ಗೆ ಅಪ್ಪನ ಪಾತ್ರ. ಅಪ್ಪ ಮಗ ಇಬ್ಬರಿಗೂ ಒಂದೇ ಥರದ ಸೂಟು. ಅಕ್ಕಪಕ್ಕ ನಿಂತರೆ ಸಾಕು, ಡೈಲಾಗೇ ಬೇಡ. ಈತ ಮೇಲಿನಿಂದ ಧುಮುಕಿದ್ದರೆ ಕೊಳದಲ್ಲಿ ನೀರು ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ಗೊಂದಲ ಇಲ್ಲಿಗೆ ಮುಗಿಯಿತೆನ್ನಬೇಡಿ. ಅಮೆರಿಕದಲ್ಲೇ ಇನ್ನೊಬ್ಬ ಪೆಟ್ರೀಷಿಯಾ ಮೆಕಾರ್ಮಿಕ್ ಇದ್ದಳು. ಆಕೆ ಮೆಕ್ಸಿಕೊಗೆ ಹೋಗಿ ಗೂಳಿಗಳ ಜೊತೆ ಕಾದಾಡುತ್ತಿದ್ದಳು.