ಏಕಾಹ್ನಿಕ ದ್ವಿಕ್ಷೇತ್ರ ಮೀಮಾಂಸೆ: ಒಂದು ಬಹುಶಿಸ್ತೀಯ ಅಧ್ಯಯನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜನ ಗೋಕರ್ಣವನ್ನೂ ಮುರುಡೇಶ್ವರವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಬರುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ‘ಏಕಾಹ್ನಿಕ ದ್ವಿಕ್ಷೇತ್ರತ್ವ’ ಎಂದು ಕರೆಯಬಯಸುತ್ತದೆ. ಹೀಗೆ ಕರೆದರೆ ಹಾದಿ ಒಂದು ಕಿಲೋಮೀಟರೂ ಕಡಿಮೆಯಾಗುವುದಿಲ್ಲ. ವಿಚಾರ ಸಂಕಿರಣದಲ್ಲಿ ಊಟಕ್ಕೆ ಮುಂಚಿನ ಗೋಷ್ಠಿಯಾದರೂ ಸಿಗುತ್ತದೆ. ನಮ್ಮ ಪ್ರಾಕ್ಕಲ್ಪನೆಯ ಬೇರು ಜಲಶಾಸ್ತ್ರದಲ್ಲಿದೆ. ಮಲಪ್ರಭೆ ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯಲ್ಲೇ ಹುಟ್ಟಿಯೂ ಪಡುವಣ ಕಡಲಿಗೆ ಬೆನ್ನು ಮಾಡಿ ಮೂಡಲಿಗೆ ಹೊರಡುತ್ತಾಳೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ತುಸು ನಿಂತು, ರಾಮದುರ್ಗ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುತ್ತಾಳೆ. ನದಿ ಮಾಡದೆ ಬಿಟ್ಟ ಕೆಲಸವನ್ನು ದಂಡೆಯವರು ಕ್ರೂಸರ್ ಹತ್ತಿ ಪೂರೈಸುತ್ತಾರೆ.

ಈ ಶಾಸ್ತ್ರದ ಆದ್ಯ ಆಚಾರ್ಯ ರಾವಣ. ಕೈಲಾಸದಿಂದ ಲಂಕೆಗೆ ಆತ್ಮಲಿಂಗ ಒಯ್ಯುತ್ತಿದ್ದವನು ಸಂಧ್ಯಾವಂದನೆಗೆಂದು ಗೋಕರ್ಣದಲ್ಲಿ ಇಳಿದ. ಲಿಂಗವನ್ನು ವಟುವೇಷದ ಗಣಪತಿಯ ಕೈಗೆ ಕೊಟ್ಟ. ಹುಡುಗ ಮೂರು ಸಲ ಕೂಗಿ ನೆಲಕ್ಕಿಟ್ಟ. ಕಿತ್ತರೆ ಬಾರದ ಸಿಟ್ಟಿಗೆ ಮೇಲಿನ ಹೊದಿಕೆಗಳನ್ನು ಎಸೆದಾಗ ಬಟ್ಟೆ ಹೋಗಿ ಬಿದ್ದದ್ದು ಮುರುಡೇಶ್ವರದಲ್ಲಿ. ಅಂದರೆ ಒಂದೇ ಸಂಜೆಯಲ್ಲಿ ಎರಡೂ ಕ್ಷೇತ್ರಗಳನ್ನು ಜೋಡಿಸಿದ ಮೊದಲಿಗ ಅವನೇ, ಅದೂ ನಿಂತಲ್ಲಿಂದ ಕದಲದೆ, ಟೋಲ್ ಕಟ್ಟದೆ. ಗಣಪತಿಯ ಪಾತ್ರದ ಬಗ್ಗೆ ಪಂಡಿತರು ಸಾಕಷ್ಟು ಗಮನ ಕೊಟ್ಟಿಲ್ಲ. ಉಳಿದವರು ನೀರಿಗಿಳಿದಾಗ ದಂಡೆಯ ಮೇಲೆ ಬ್ಯಾಗು, ಚಪ್ಪಲಿ, ಮೊಬೈಲು ಕಾಯುತ್ತ ಕೂತ ಅತ್ತೆಯೋ ಚಿಕ್ಕಮ್ಮನೋ ಆ ಪರಂಪರೆಗೆ ಸೇರಿದವರು. ನೆಲಕ್ಕಿಟ್ಟು ಎದ್ದು ಹೋಗುವ ಸ್ವಾತಂತ್ರ್ಯವೊಂದು ಅವರಿಗಿಲ್ಲ.

ಪ್ರವಾಸದ ಕಾಲವನ್ನು ಐದಾಗಿ ವಿಭಾಗಿಸಬಹುದು. ಒಂದು, ಪ್ರಸ್ಥಾನಕಾಲ: ರಾತ್ರಿ ಹತ್ತಕ್ಕೆಂದು ಹೇಳಿ, ಬುತ್ತಿಯ ಗಂಟು ಮನೆಯಲ್ಲೇ ಉಳಿದದ್ದು ನೆನಪಾಗಿ, ಹನ್ನೊಂದೂವರೆಗೆ ಹೊರಡುವುದು. ಎರಡು, ಘಟ್ಟಕಾಲ: ಧಾರವಾಡ, ಯಲ್ಲಾಪುರ ದಾಟಿ ಅರಬೈಲು ಇಳಿಯುವುದು, ಇದರಲ್ಲಿ ಚಾಲಕನ ಹೊರತು ಎಲ್ಲರೂ ಸುಷುಪ್ತಿಯಲ್ಲಿರುತ್ತಾರೆ. ಮೂರು, ಪಾಳಿಕಾಲ. ನಾಲ್ಕು, ಕಳೆದುಹೋದ ಮಾವನನ್ನು ಹುಡುಕುವ ಕಾಲ. ಐದನೆಯದಕ್ಕೆ ಸಂಸ್ಕೃತದಲ್ಲಿ ಹೆಸರು ಹೊಂದಿಸುವಷ್ಟರಲ್ಲಿ ಗರ್ಭಗುಡಿಯ ಬಾಗಿಲು ಹಾಕಿರುತ್ತಾರೆ, ಆದ್ದರಿಂದ ವಿಭಾಗವನ್ನು ಇಲ್ಲಿಗೇ ಬಿಡೋಣ. ಕಣ್ಣಿಗೆ ಬೀಳಬೇಕಾದದ್ದು ಬೇರೆಯೇ ಇದೆ: ಐದರಲ್ಲಿ ಒಂದಕ್ಕೂ ಕಡಲಿನ ಹೆಸರಿಲ್ಲ. ಎರಡು ಊರುಗಳ ನಡುವೆ ಹೆದ್ದಾರಿಯಲ್ಲಿ ಸುಮಾರು ಎಪ್ಪತ್ತೈದು ಕಿಲೋಮೀಟರ್. ಹೋಗಿಬರುವ ಒಟ್ಟು ಹಾದಿ ಐನೂರು ದಾಟುತ್ತದೆ. ಇದರಲ್ಲಿ ಅಲೆಗೆ ಸಿಗುವುದು ಮುಕ್ಕಾಲು ಗಂಟೆ, ಅದರಲ್ಲೂ ಅರ್ಧ 123 ಅಡಿಯ ಶಿವ ಪೂರ್ತಿ ಫೋಟೋದಲ್ಲಿ ಹಿಡಿಸುವಂತೆ ಹಿಂದೆ ಹಿಂದೆ ಸರಿಯುವುದಕ್ಕೆ ಹೋಗುತ್ತದೆ.

‘ಒಂದೇ ಊರಿಗೆ ಹೋಗಿ ನಿಧಾನವಾಗಿ ನೋಡಬಾರದೆ?’ ಎಂಬ ಆಕ್ಷೇಪ ಬರುತ್ತದೆ. ವಾರಕ್ಕೆ ಎರಡು ರಜೆ ಇರುವವರ ಆಕ್ಷೇಪ ಇದು. ಗಾಡಿಯ ಬಾಡಿಗೆ ದಿನದ ಲೆಕ್ಕ, ಕೂಲಿಯೂ ದಿನದ ಲೆಕ್ಕ. ಎಮ್ಮೆ ಪಕ್ಕದ ಮನೆಯವರ ಕೈಗೆ ಹೆಚ್ಚೆಂದರೆ ಎರಡು ಹೊತ್ತು ಹಿಂಡುತ್ತದೆ. ಹತ್ತು ಹನ್ನೆರಡು ಜನ ಲಾಡ್ಜಿನಲ್ಲಿ ಒಂದು ರಾತ್ರಿ ತಂಗಿದರೆ ಬಾಡಿಗೆಯ ಮೇಲೆ ಇನ್ನೊಂದು ಬಾಡಿಗೆ. ಮತ್ತೆ ಯಾವಾಗ ಬರುತ್ತೇವೋ ಗೊತ್ತಿಲ್ಲದವರು, ಇಷ್ಟು ದೂರ ಬಂದ ಮೇಲೆ ಅದೊಂದನ್ನು ಯಾಕೆ ಬಿಡಬೇಕು ಅನ್ನುತ್ತಾರೆ. ಅದು ದುರಾಸೆಯಲ್ಲ, ಲೆಕ್ಕ. ‘ಧಾವಂತದ ಪ್ರವಾಸಿ ಸಂಸ್ಕೃತಿ’ ಎಂದು ಅವರ ಮೇಲೆ ಪ್ರಬಂಧ ಮಂಡಿಸುವವರಿಗೆ ಬಂದುಹೋಗುವ ಖರ್ಚು ಸಂಘಟಕರು ಕೊಡುತ್ತಾರೆ.

ಆದರೆ ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಅದನ್ನು ಹೇಳುವಾಗ ಪರಿಭಾಷೆ ಬೇಡ. ಹೋಗುವ ರಾತ್ರಿಯೂ ಬರುವ ರಾತ್ರಿಯೂ ಒಬ್ಬನೇ ಚಾಲಕ. ಎರಡನೆಯ ಚಾಲಕನಿಗೆ ಭತ್ಯೆ ಕೊಡಬೇಕು, ಸೀಟೂ ಬಿಡಬೇಕು. ಆ ಸೀಟಿನಲ್ಲಿ ಇನ್ನೊಬ್ಬ ನೆಂಟ ಕೂರುತ್ತಾನೆ. 2025ರ ಜನವರಿಯಲ್ಲಿ ಅರಬೈಲು ಘಟ್ಟದಲ್ಲಿ ಲಾರಿ ಉರುಳಿ ಸವಣೂರಿನ ಹತ್ತು ಜನ ತರಕಾರಿ, ಹಣ್ಣಿನ ವ್ಯಾಪಾರಿಗಳು ಸತ್ತರು. ಅವರು ಪ್ರವಾಸಕ್ಕೆ ಹೊರಟವರಲ್ಲ, ಕುಮಟೆಯ ಸಂತೆಗೆ ಹೊರಟವರು. ಆದರೆ ಘಟ್ಟ ಅದೇ, ನಸುಕೂ ಅದೇ. ಅದಕ್ಕೂ ಮುಂಚೆ, 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದರು. ಕೆರೆ, ಕಾಲುವೆ ಕಂಡು ಬೆಳೆದ ಬಯಲುಸೀಮೆಯ ಮಕ್ಕಳಿಗೆ ಹಿಂದಕ್ಕೆ ಎಳೆಯುವ ನೀರು ಗೊತ್ತಿರುವುದಿಲ್ಲ. ಅದನ್ನು ದಂಡೆಯಲ್ಲಿ ಕೂಡಿಸಿ ತೋರಿಸಬೇಕು, ತೋರಿಸುವುದಕ್ಕೆ ಹೊತ್ತು ಬೇಕು. ನಮ್ಮ ಪಟ್ಟಿಯಲ್ಲಿ ಅಷ್ಟು ಹೊತ್ತು ಯಾರ ಹೆಸರಿಗೂ ಬರೆದಿಲ್ಲ.

ಪ್ರಬಂಧಕ್ಕೆ ಮರಳುವುದಾದರೆ: ಸಂಜೆ ಮುರುಡೇಶ್ವರದ ಪಾರ್ಕಿಂಗಿನಲ್ಲಿ ಚಾಲಕ ಕ್ರೂಸರಿನ ಹಿಂದಿನ ಸೀಟಿನಲ್ಲಿ ಕಾಲು ಹೊರಚಾಚಿ ಮಲಗಿರುತ್ತಾನೆ. ಕಣ್ಣು ಹತ್ತಿ ಅರ್ಧ ಗಂಟೆಯೂ ಆಗಿರುವುದಿಲ್ಲ, ಹಿರಿಯರೊಬ್ಬರು ಒದ್ದೆ ಧೋತರದಲ್ಲೇ ಬಂದು ಅಂಗಾಲು ತಟ್ಟುತ್ತಾರೆ. ‘ಏಳಪಾ ತಮ್ಮಾ. ಇಡಗುಂಜಿ ಹಾದ್ಯಾಗ ಐತೆಂತ. ಹತ್ತ ಮಿನೀಟಿನ ಕೆಲಸ.’