ಕೈಗಾ ಅತ್ತಿಗೆ

ಕ್ಯಾನ್ಸರಿನಲ್ಲೂ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿದೆಯೆಂದು ನನಗೆ ತಿಳಿದದ್ದು ನೋಡಲು ಬಂದವರಿಂದ. ಕುತ್ತಿಗೆಯ ಗಂಟು ಥೈರಾಯ್ಡ್ ಕ್ಯಾನ್ಸರೆಂದು ಖಾತ್ರಿಯಾದ ಮೇಲೆ ಬಂದವರೆಲ್ಲ ಬಾಳೆಹಣ್ಣಿನ ಚೀಲ ಟೀಪಾಯಿಯ ಮೇಲಿಟ್ಟು, “ಪ್ಯಾಪಿಲರಿಯಾ? ಒಳ್ಳೇ ಕ್ಯಾನ್ಸರ್ ಬಿಡಿ!” ಎನ್ನುವರು. ಕೇಳಿ ಕೇಳಿ, ಅದು ಸಿಗದವರ ಬಗ್ಗೆ ನನಗೇ ಕನಿಕರ ಹುಟ್ಟಿತು. ರಾತ್ರಿ ನಿದ್ದೆ ಬಾರದಿದ್ದಾಗ ಮಾತ್ರ ಈ ಸರ್ಟಿಫಿಕೇಟು ಕೆಲಸಕ್ಕೆ ಬರುತ್ತಿರಲಿಲ್ಲ.

ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯ ನರ ಥೈರಾಯ್ಡಿನ ಬೆನ್ನಿಗಂಟಿಕೊಂಡೇ ಹೋಗುತ್ತದೆ. ಅದನ್ನು ಉಳಿಸಿ ಗ್ರಂಥಿ ಬಿಡಿಸುವುದೇ ಸರ್ಜನ್ನರ ಕೈಚಳಕ. ನನ್ನದು ಉಳಿಯಿತು, ಆದರೆ ಮುನಿಸಿಕೊಂಡಿತು. ಗಂಟಲಿಂದ ಗಂಡಸಿನ ದನಿ ಹೊರಟಿತು. ಸಾಲ ಬೇಕಾ ಎಂದು ಫೋನ್ ಮಾಡುವ ಹುಡುಗಿ, “ಸಾರ್, ಮೇಡಂ ಇದ್ದಾರಾ?” ಎಂದಳು. “ನಾನೇ ಮೇಡಂ.” “ತಮಾಷೆ ಮಾಡಬೇಡಿ ಸಾರ್.” ಮರುಸಲ ಫೋನ್ ಬಂದಾಗ, “ಅವಳು ತೌರಿಗೆ ಹೋಗಿದ್ದಾಳಮ್ಮ” ಎಂದುಬಿಟ್ಟೆ. ದನಿ ಸರಿಹೋಗುವಷ್ಟರಲ್ಲಿ ಇಂಥವರೆಲ್ಲರ ಪಾಲಿಗೆ ನಾನು ತೌರಿನಲ್ಲೇ ನೆಲೆಸಿದ್ದೆ.

ಮುಂದಿನದು ವಿಕಿರಣದ ಅಯೋಡಿನ್. ಕತ್ತಿಗೆ ಸಿಗದೆ ಉಳಿದ ಥೈರಾಯ್ಡ್ ಕೋಶಗಳನ್ನು ಮೊದಲು ಅಯೋಡಿನ್ ಇಲ್ಲದೆ ಉಪವಾಸ ಕೆಡವಬೇಕು. ಹಸಿದವು ಆಮೇಲೆ ವಿಕಿರಣದ ಅಯೋಡಿನ್ನನ್ನೇ ಗಬಗಬನೆ ನುಂಗಿ ಸಾಯುತ್ತವೆ. ಉಪವಾಸ ಅವಕ್ಕೆ, ಪಥ್ಯ ನನಗೆ. ಹಾಲು, ಮೊಸರು, ಬೇಕರಿ ತಿಂಡಿ ಬಂದ್. ಉಪ್ಪಿನದೇ ದೊಡ್ಡ ಪಜೀತಿ. 1962ರಿಂದ ಗಳಗಂಡದ ವಿರುದ್ಧ ಹೋರಾಡಿ, 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನೇ ನಿಷೇಧಿಸಿದ ಸರ್ಕಾರದ ಶ್ರಮವನ್ನೆಲ್ಲ ಮಣ್ಣುಪಾಲು ಮಾಡಲು ನಮ್ಮ ಮನೆಯವರು ಚೀಲ ಹಿಡಿದು ಹೊರಟರು. ಅಂಗಡಿಯವನು, “ಹಸುಗಾ ಸಾರ್, ಎಮ್ಮೆಗಾ?” ಎಂದನಂತೆ. ಇವರು ಸ್ವಲ್ಪ ಯೋಚಿಸಿ, “ಹಸುವಿಗೆ” ಎಂದರಂತೆ. ಇಷ್ಟು ವರ್ಷ ಸಂಸಾರ ಮಾಡಿದ್ದು ಸಾರ್ಥಕವಾಯಿತು. ಆ ಉಪ್ಪು ಬೇಡವೆಂದರು ಡಯಟೀಷಿಯನ್; ಕೊನೆಗೆ ಗ್ರಂದಿಗೆ ಅಂಗಡಿಯ ಸೈಂಧವ ಲವಣ ಪಾಸಾಯಿತು.

ಥೈರಾಯ್ಡ್ ಮಾತ್ರೆಯನ್ನೂ ಆ ವಾರಗಳಲ್ಲಿ ತಡೆಹಿಡಿದಿದ್ದರು. ಗ್ರಂಥಿ ಪೂರ್ತಿ ಕಳೆದುಕೊಂಡವರು ಮಂಕಾಗುತ್ತಾರೆಂದು ಸ್ವಿಟ್ಜರ್ಲೆಂಡಿನ ಸರ್ಜನ್ ಥಿಯೋಡರ್ ಕೋಖರ್ 1883ರಲ್ಲೇ ಬರೆದಿಟ್ಟಿದ್ದಾನೆ; 1909ರಲ್ಲಿ ಅವನಿಗೆ ನೊಬೆಲ್ ಕೂಡ ಬಂತು. “ನನಗೆ ತುಂಬಾ ಮಂಕು ಹಿಡಿದಿದೆ ಕಣ್ರೀ” ಎಂದೆ. “ಹೌದಾ? ಗೊತ್ತೇ ಆಗಲಿಲ್ಲ” ಎಂದರು ಇವರು.

ಕೈಗವಸು ತೊಟ್ಟ ಹುಡುಗ ಸೀಸದ ಡಬ್ಬಿಯಲ್ಲಿ ಒಂದು ಕ್ಯಾಪ್ಸೂಲ್ ತಂದಿಟ್ಟು, ಬಾಗಿಲಾಚೆ ಹೋಗಿ ನಿಂತು, “ಧೈರ್ಯವಾಗಿ ನುಂಗಿ ಮೇಡಂ, ಏನೂ ಆಗಲ್ಲ” ಎಂದ. ನುಂಗಿದೆ. ಅಲ್ಲಿಂದ ನನ್ನ ತಟ್ಟೆ ಬೇರೆ, ಲೋಟ ಬೇರೆ, ಬಟ್ಟೆ ಬೇರೆ, ಯಾರೂ ಮುಟ್ಟುವಂತಿಲ್ಲ. ನಮ್ಮಜ್ಜಿ ಒದ್ದೆ ಸೀರೆಯುಟ್ಟು ಜೀವಮಾನವಿಡೀ ಕಾಪಾಡಿದ ಮಡಿ ನನಗೆ ಒಂದೇ ಗುಳಿಗೆಯಲ್ಲಿ ದಕ್ಕಿತು. ಅಜ್ಜಿಯದು ಬೆಕ್ಕು ಸೋಕಿದರೂ ಹೋಗುತ್ತಿತ್ತು. ನನ್ನದು ಹಾಗಲ್ಲ: ಅಯೋಡಿನ್-131 ಅರ್ಧವಾಗುವುದಕ್ಕೇ 8 ದಿನ ಬೇಕು, ಬಿಂದಿಗೆಗಟ್ಟಲೆ ನೀರು ಕುಡಿದು ಹೊರಹಾಕಿದರೆ ಇನ್ನೂ ಬೇಗ. ಹಾಗಾಗಿ ನೀರು ಕುಡಿಯುವುದು, ಹೋಗುವುದು, ಎರಡೆರಡು ಸಲ ಫ್ಲಶ್ ಮಾಡುವುದು, ಜೊಲ್ಲಿನ ಗ್ರಂಥಿಗಳು ಕೆಡದಿರಲೆಂದು ನಿಂಬೆಹುಳಿ ಪೆಪ್ಪರಮೆಂಟು ಚೀಪುವುದು, ಇಷ್ಟೇ ನನ್ನ ದಿನಚರಿ. ಕಾರವಾರದಲ್ಲಿರುವ ಮೈದುನ ವಿಡಿಯೋ ಕಾಲ್ ಮಾಡಿ, “ಕೈಗಾ ಅತ್ತಿಗೆ, ಇವತ್ತು ಎಷ್ಟು ಮೆಗಾವ್ಯಾಟ್?” ಎಂದ. ಹೆಸರು ಬಂಧುಬಳಗದಲ್ಲಿ ನಿಂತುಬಿಟ್ಟಿತು. ಮೊನ್ನೆ ಮದುವೆಯ ಲಗ್ನಪತ್ರಿಕೆಯ ಮೇಲೂ ಹಾಗೇ ಬರೆದು ಕಳಿಸಿದ್ದಾರೆ.

ಈಗ ಉಳಿದಿರುವುದು ದಿನಕ್ಕೊಂದು ಥೈರಾಯ್ಡ್ ಮಾತ್ರೆ, ಆಯುಷ್ಯವಿರುವಷ್ಟು ದಿನ. ಬರಿಹೊಟ್ಟೆಯಲ್ಲಿ ನುಂಗಿ ಅರ್ಧ-ಮುಕ್ಕಾಲು ಗಂಟೆ ಕಾಫಿ ಮುಟ್ಟಬಾರದು. ಗಂಟಲು ಕೊಯ್ದಾಗ ಅಳದವಳು ಇದಕ್ಕೆ ಅತ್ತುಬಿಡುವುದರಲ್ಲಿದ್ದೆ. ಡಾಕ್ಟರು ಉಪಾಯ ಹೇಳಿದರು: “ಬೆಳಗಿನ ಜಾವ ಐದಕ್ಕೆ ಅಲಾರಂ ಇಟ್ಟು ನುಂಗಿ, ಮತ್ತೆ ಮಲಗಿಬಿಡಿ. ಎದ್ದ ಕೂಡಲೇ ಕಾಫಿ.” ಹಾಗೇ ಮಾಡುತ್ತಿದ್ದೇನೆ. ಅಲಾರಂ ಹೊಡೆಯುತ್ತದೆ, ನಾನು ನುಂಗಿ ಗೊರಕೆ ಹೊಡೆಯುತ್ತೇನೆ. ನಿದ್ದೆಗೆಟ್ಟ ಇವರು ಅಡುಗೆಮನೆಗೆ ಹೋಗಿ, ಫಿಲ್ಟರಿನಲ್ಲಿ ಇಳಿದಿದ್ದ ಗಟ್ಟಿ ಡಿಕಾಕ್ಷನ್ನನ್ನೆಲ್ಲ ಬಗ್ಗಿಸಿಕೊಂಡು ಕುಡಿದು ಪೇಪರ್ ಓದುತ್ತಾರೆ. ನಾನು ಏಳುವ ಹೊತ್ತಿಗೆ ಉಳಿದಿರುವುದು ಎರಡನೇ ಡಿಕಾಕ್ಷನ್.